ಹುಳದ ಮನೆಗೆ ಬಂದ ಸೊಳ್ಳೆ ಮದ್ದು

ಸೊಳ್ಳೆ ಮದ್ದಿನ ವಾಸನೆ ಬಂದರೆ ಇವತ್ತಿಗೂ ನಾನು ಹೊಸ್ತಿಲಲ್ಲೇ ನಿಂತುಬಿಡುತ್ತೇನೆ.

ಆಗಿನ್ನೂ ಮಹಾರಾಜರ ಕಾಲ. ಹೊಸಕೋಟೆ ಕಡೆಯ ನಮ್ಮೂರಿಗೆ ಒಂದು ಮಧ್ಯಾಹ್ನ ಚಳಿಜ್ವರದ ಸೊಳ್ಳೆಗೆ ಮದ್ದು ಹೊಡೆಯುವವರು ಪಂಪು ಹೊತ್ತು ಬಂದರು. ಒಳಗೆ ಬಿದಿರು ತಟ್ಟೆಗಳಲ್ಲಿ ನಮ್ಮ ರೇಷ್ಮೆ ಹುಳಗಳು ಸೊಪ್ಪು ಮೇಯುತ್ತಿದ್ದವು. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಸೊಳ್ಳೆ, ತಿಗಣೆ ಮಾತ್ರ ಸಾಯೋದು ಕಣಮ್ಮ," ಅಂದ ಪಂಪಿನವನು.

"ನಮ್ಮ ಹುಳ ಯಾವ್ದು ಅಂತ ನಿನ್ ಮದ್ದಿಗೆ ಹೇಳಿದ್ದೀಯೇನಪ್ಪಾ?"

ನಮ್ಮಂತೆಯೇ ಹುಳ ಸಾಕಿದ್ದ ಪಕ್ಕದ ಮನೆಯ ಮುನಿಯಕ್ಕ ಅವನ ಮಾತು ನಂಬಿ ಮನೆಗೆ ಮದ್ದು ಹೊಡೆಸಿಕೊಂಡಳು. ಅಲ್ಲಿ ಆಡಿ ಬಂದ ನನ್ನ ತಲೆ ಮೂಸಿ, ನೀರು ಹುಯ್ಯುವವರೆಗೂ ಅಜ್ಜಿ ಒಳಗೆ ಬಿಡಲಿಲ್ಲ.

ಮರುದಿನ ಮುನಿಯಕ್ಕ ಬಂದಳು. "ನಮ್ಮವು ಸೊಪ್ಪೇ ಮುಟ್ತಿಲ್ಲ, ದೊಡ್ಡಮ್ಮ."

"ಅಲ್ಲೇ ನಿಂತ್ಕೊಳ್ಳೇ. ಒಳಗ್ ಬರ್ಬೇಡ."

ಅವಳು ಅಂಗಳದಲ್ಲೇ ನಿಂತು, ನಮ್ಮ ಹುಳಗಳು ಸೊಪ್ಪು ಮೇಯುವ ಸರಸರ ಸದ್ದನ್ನು ಬಹಳ ಹೊತ್ತು ಕೇಳುತ್ತಿದ್ದಳು.