ತೊಟ್ಟಿಲ ಪಕ್ಕದ ಸುಳ್ಳು

ಗೇಟಿನ ಚಿಲಕ ಸದ್ದು ಮಾಡಿದ್ದೇ ತಡ, ನರ್ಸಮ್ಮ ಸ್ಟೌ ಆರಿಸಿ ಬಾಗಿಲ ಹಿಂದೆ ಗೋಡೆಗೆ ಒತ್ತಿಕೊಂಡು ನಿಂತಳು. ತನ್ನದೇ ಮನೆಯಲ್ಲಿ, ಕಳ್ಳಿಯ ಹಾಗೆ. ಬಂದವಳು ಯಾರೆಂದು ಇಣುಕಿ ನೋಡಬೇಕಾಗಿರಲಿಲ್ಲ. ವರ್ಷಕ್ಕೊಮ್ಮೆ, ಇದೇ ತಾರೀಖಿಗೆ, ಸುಡುವ ಮಧ್ಯಾಹ್ನದಲ್ಲಿ ಆ ಗೇಟು ತೆಗೆಯುವವಳು ಒಬ್ಬಳೇ. ಹೊಲಿಗೆಯವಳು.

ಕಳೆದ ವರ್ಷ ಹೀಗೇ ಅಡಗಿ ಗೆದ್ದಿದ್ದಳು. ಹೊಲಿಗೆಯವಳು ಬಾಗಿಲು ತಟ್ಟಿ ತಟ್ಟಿ ಸಾಕಾಗಿ, ಮೆಟ್ಟಿಲ ಮೇಲೆ ಒಂದಿಷ್ಟು ಹೊತ್ತು ಕೂತು, ಎದ್ದು ಹೋಗಿದ್ದಳು. ಗೆದ್ದಳು ಅನ್ನುವುದು ಬರೀ ಮಾತಿಗೆ. ಆ ದಿನ ನರ್ಸಮ್ಮ ಬಡಿಸಿಕೊಂಡ ತಟ್ಟೆಯನ್ನು ಹಾಗೇ ಮುಚ್ಚಿಟ್ಟಳು.

ಹೊಲಿಗೆಯವಳು ಜಗಳಗಂಟಿಯೇನಲ್ಲ. ಬಂದಾಗಲೆಲ್ಲ ಕುರ್ಚಿಯ ತುದಿಯಲ್ಲಿ ಕೂರುವಳು. “ಅಕ್ಕ, ಒಂದು ಮಾತು...” ಎಂದು ಶುರುಮಾಡಿ, ನೀರು ಕುಡಿದು, ಬಿಸಿಲಿನ ಸುದ್ದಿಗೆ ಜಾರುವಳು. ಹೊರಡುವಾಗ ಮಾತ್ರ ಕೈ ಹಿಡಿದುಕೊಂಡು, “ಅವತ್ತು ನೀವು ಹಾಗೆ ಹೇಳ್ದೆ ಇದ್ದಿದ್ರೆ ನಾನು ಬದುಕ್ತಾನೇ ಇರ್ಲಿಲ್ಲ” ಅನ್ನುವಳು. ಬೈದಿದ್ದರೆ ನರ್ಸಮ್ಮ ತಡೆದುಕೊಳ್ಳುತ್ತಿದ್ದಳು. ಈ ಕೃತಜ್ಞತೆಯನ್ನು ತಡೆಯುವುದು ಅವಳಿಂದ ಆಗುತ್ತಿರಲಿಲ್ಲ. ಏಕೆಂದರೆ ಅವತ್ತು ಅವಳು ಹೇಳಿದ್ದು ಸುಳ್ಳು.

ಆಗ ಅವಳು ಹೆರಿಗೆ ವಾರ್ಡಿನ ನರ್ಸು, ವಾರ್ಡಿಗೇ ಹುಲಿ. ಹಾಲು ಕುಡಿಸಿ ಆಯಿತೋ, ಮಗು ತೊಟ್ಟಿಲಿಗೆ, ತಾಯಿ ಹಾಸಿಗೆಗೆ. ಹಾಗಾಗಿದೆಯೇ ಎಂದು ಆಗಾಗ ಸುತ್ತು ಬಂದು ತಾನೇ ನೋಡುತ್ತಿದ್ದಳು. ಆ ಮಧ್ಯಾಹ್ನ ಒಂದು ಸುತ್ತು ತಪ್ಪಿತು. ರಾತ್ರಿಪಾಳಿ ಮುಗಿಸಿ, ಬಾರದ ಇನ್ನೊಬ್ಬಳ ಹಗಲುಪಾಳಿಯನ್ನೂ ಹೊತ್ತುಕೊಂಡಿದ್ದವಳು, ಬಟ್ಟೆ ಮಡಿಸುವ ಕೋಣೆಯಲ್ಲಿ ಕೂತಲ್ಲೇ ತೂಕಡಿಸಿಬಿಟ್ಟಳು. ಎಚ್ಚೆತ್ತು ಓಡಿಬಂದು ಮೂಲೆಯ ತೊಟ್ಟಿಲ ಮಗುವನ್ನು ಎತ್ತಿದರೆ, ಅದು ತಣ್ಣಗಿತ್ತು.

ಎದೆಗವಚಿಕೊಂಡು ಪಕ್ಕದ ಕೋಣೆಗೆ ಓಡಿದಳು. ಮಾಡುವುದೇನೂ ಉಳಿದಿರಲಿಲ್ಲ. ತಿರುಗಿ ಬಂದಾಗ ತಾಯಿ ಹಾಸಿಗೆಯಲ್ಲಿ ಎದ್ದು ಕೂತಿದ್ದಳು. ಬರುವ ಭಾನುವಾರದ ಜ್ಞಾನಸ್ನಾನಕ್ಕೆಂದು ಬಿಳಿ ಅಂಗಿಯನ್ನು ತನ್ನ ಕೈಯಾರೆ ಹೊಲಿದಿಟ್ಟುಕೊಂಡಿದ್ದ ತಾಯಿ. ಆ ಮುಖಕ್ಕೆ ನಿಜ ಹೇಳಲು ನರ್ಸಮ್ಮನಿಗೆ ನಾಲಿಗೆ ಏಳಲಿಲ್ಲ. ಜ್ಞಾನಸ್ನಾನವಿಲ್ಲದೆ ಹೋದ ಕೂಸಿಗೆ ಸ್ವರ್ಗವಿಲ್ಲವೆಂಬ ಭಯ ಆ ತಾಯಂದಿರಿಗೆ. ಸಾಯುವ ಮಗುವಿಗೆ ಚರ್ಚಿನ ಗುರುಗಳೇ ಬೇಕೆಂದಿಲ್ಲ, ಉಸಿರಿರುವಾಗ ಪಕ್ಕದಲ್ಲಿದ್ದವರು ನೀರೆರೆದು ಜ್ಞಾನಸ್ನಾನ ಕೊಡಬಹುದು.

“ಎತ್ಕೊಂಡಾಗ ಇನ್ನೂ ಉಸಿರಿತ್ತು ಕಣಮ್ಮ. ನೀರು ಹಾಕ್ದೆ. ಪಿತನ, ಸುತನ, ಪವಿತ್ರಾತ್ಮನ ಹೆಸರು ಹೇಳ್ದೆ. ಆಮೇಲೆ ಹೋಯ್ತು.”

ತಾಯಿ ಬಿಟ್ಟ ಕಣ್ಣಿನಿಂದ ಅವಳನ್ನೇ ನೋಡಿದಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹುಟ್ಟುವಾಗಲೇ ಮಗು ಬಡಕಲಾಗಿತ್ತೆಂದು ಡಾಕ್ಟರು ಮಾತು ಮುಗಿಸಿದರು.

ಆಮೇಲೆ ಹೊಲಿಗೆಯವಳಿಗೆ ಒಬ್ಬ ಮಗಳಾದಳು. ಆ ಕೂಸಿನ ತೊಟ್ಟಿಲ ಪಕ್ಕ ಕುರ್ಚಿ ಹಾಕಿಕೊಂಡು, ಕೂತೇ ನಿದ್ದೆ ಮಾಡುತ್ತಾಳೆಂದು ನೆರೆಯವರು ನಗುತ್ತಿದ್ದರು. ಕೇಳಿದ ನರ್ಸಮ್ಮ ತನಗೆ ತಾನೇ ಹೇಳಿಕೊಂಡಳು: ತಾನು ಕಾಯಲಿಲ್ಲ, ಅದಕ್ಕೇ ಪಾಪ ಇವಳು ಕಾಯುತ್ತಿದ್ದಾಳೆ. ನರ್ಸಮ್ಮನಂತೂ ಆ ತೂಕಡಿಕೆಯ ದಿನದಿಂದ ಹಗಲು ಹೊತ್ತು ಕಣ್ಣು ಮುಚ್ಚಿದವಳಲ್ಲ. ನಮ್ಮತ್ತೆಗೆ ಮಧ್ಯಾಹ್ನದ ನಿದ್ದೆ ಅಂದರೆ ಹಾವು ಕಂಡ ಹಾಗೆ ಎಂದು ಸೊಸೆ ಬಂದವರಿಗೆಲ್ಲ ಹೇಳಿ ನಗುವಳು.

ಚರ್ಚಿನಲ್ಲಿ ಗುರುಗಳ ಮುಂದೆ ಮಾಡುವ ಪಾಪನಿವೇದನೆಯನ್ನು ಅವಳು ತಪ್ಪಿಸಿದ್ದಿಲ್ಲ. ಸೊಸೆಯ ಮೇಲಿನ ಸಿಟ್ಟು, ಉಪವಾಸದ ದಿನ ಕದ್ದು ತಿಂದ ಬಿಸ್ಕತ್ತು, ಎಲ್ಲವನ್ನೂ ಚಾಚೂ ತಪ್ಪದೆ ಒಪ್ಪಿಸುತ್ತಿದ್ದಳು. ಇದೊಂದನ್ನು ಮಾತ್ರ ನುಂಗಿಕೊಳ್ಳುತ್ತಿದ್ದಳು. ನುಂಗಿದ್ದು ಒಳಗೇ ಕೊಳೆಯಿತು. ಪ್ರಾರ್ಥನೆ ಬಾಯಿಗಷ್ಟೇ ಬರುತ್ತಿತ್ತು. ಪರಮಪ್ರಸಾದ ತೆಗೆದುಕೊಳ್ಳುವಾಗ ಗುರುಗಳ ಮುಖ ನೋಡುತ್ತಿರಲಿಲ್ಲ. ನಿನ್ನೆ ಅದೇನು ಬಂತೋ, ಜಾಲರಿಯ ಆಚೆ ಕೂತಿದ್ದ ಮುದಿ ಗುರುಗಳಿಗೆ ಎರಡನ್ನೂ ಹೇಳಿಬಿಟ್ಟಳು, ತೂಕಡಿಕೆಯನ್ನೂ ಸುಳ್ಳನ್ನೂ.

ಗುರುಗಳು ಬಹಳ ಹೊತ್ತು ಮಾತಾಡಲಿಲ್ಲ. ನಿದ್ದೆಹೋದರೇನೋ ಎಂದು ಅವಳು ಮೆಲ್ಲಗೆ ಕೆಮ್ಮಿದಳು. ಕೊನೆಗೆ ಅವರು ಒಂದು ಜಪಮಾಲೆ ಹೇಳಲು ತಿಳಿಸಿ, ಪಾಪವಿಮೋಚನೆ ಕೊಟ್ಟರು. ಆಮೇಲೆ, “ಧೈರ್ಯ ಬಂದಾಗ ಆ ತಾಯಿಗೂ ಹೇಳಮ್ಮ” ಎಂದರು.

ಈಗ ಬಾಗಿಲು ತಟ್ಟುವ ಸದ್ದು ಕೇಳಿತು. ನರ್ಸಮ್ಮ ಶಿಲುಬೆಯ ಗುರುತು ಹಾಕಿಕೊಂಡು ಚಿಲಕ ತೆಗೆದಳು.

ಎದುರಿಗೆ ಕೂರಿಸಿಕೊಂಡು, ನೀರು ಕೊಡುವ ಮೊದಲೇ ಹೇಳತೊಡಗಿದಳು. ತಡಮಾಡಿದರೆ ಬಾಯಿ ಕಟ್ಟೀತೆಂಬ ಭಯ. ನಿದ್ದೆಹೋಗಿ ಸುತ್ತು ತಪ್ಪಿಸಿದ್ದನ್ನು ಹೇಳಿದಳು. ಎತ್ತಿದಾಗ ಉಸಿರಿರಲಿಲ್ಲ, ನೀರೆರೆಯಲೂ ಇಲ್ಲ ಎಂದಳು. ಕ್ಷಮಿಸು ಎಂದು ಕೇಳುವ ಯೋಗ್ಯತೆಯೂ ತನಗಿಲ್ಲವೆಂದು ಬಿಕ್ಕಿಬಿಕ್ಕಿ ಅತ್ತಳು. ಎಷ್ಟೋ ವರ್ಷಗಳ ಮೇಲೆ ಎದೆ ಹಗುರಾಗಿತ್ತು. ಇನ್ನು ಇವಳು ಉಗಿದರೂ ಸರಿ, ಹೊಡೆದರೂ ಸರಿ ಅನ್ನಿಸಿತು.

ಹೊಲಿಗೆಯವಳು ಉಗಿಯಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು.

“ಹಾಗಾದ್ರೆ ನಿಮಗೆ ಗೊತ್ತೇ ಇರ್ಲಿಲ್ವಾ ಅಕ್ಕ? ಗೊತ್ತಿದ್ದೂ ನನ್ನ ಉಳಿಸೋಕೆ ಉಸಿರಿತ್ತು ಅಂದ್ರಿ, ಅಂತ ತಿಳ್ಕೊಂಡಿದ್ದೆ.”

“ಏನು ಗೊತ್ತಿರೋದು?”

ಹೊಲಿಗೆಯವಳು ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತು, ನರ್ಸಮ್ಮನ ಮಡಿಲಲ್ಲಿ ಹಣೆಯಿಟ್ಟಳು. ಯಾವ ಕಾಲದಲ್ಲೋ ಪಾಪನಿವೇದನೆಗೆ ಹೋದಾಗ ಅದೇ ಮುದಿ ಗುರುಗಳು ಹೇಳಿದ್ದರಂತೆ, ಆ ನರ್ಸಮ್ಮನಿಗೆ ಗೊತ್ತಿದ್ದರೂ ಸರಿ, ಹೋಗಿ ನೀನೇ ಬಾಯಿಬಿಟ್ಟು ಹೇಳೆಂದು. ವರ್ಷವರ್ಷವೂ ಬರುತ್ತಿದ್ದುದು ಅದಕ್ಕೇ. ಬಂದ ಮೇಲೆ ಬಾಯಿ ಬರುತ್ತಿರಲಿಲ್ಲ. ಏನೊಂದೂ ಅರ್ಥವಾಗದೆ ನರ್ಸಮ್ಮ ಅವಳ ತಲೆಯ ಮೇಲೆ ಕೈಯಿಟ್ಟಳು.

“ಹಾಲು ಕುಡಿಸ್ತಾ ಪಕ್ಕದಲ್ಲೇ ಹಾಕ್ಕೊಂಡು ನಿದ್ದೆಹೋದೆ ಅಕ್ಕ. ಎಚ್ಚರ ಆದಾಗ ನನ್ನ ಮೈ ಕೆಳಗೆ ತಣ್ಣಗಾಗಿತ್ತು. ನೀವು ಬರೋದ್ರೊಳಗೆ ಎತ್ತಿ ತೊಟ್ಟಿಲಲ್ಲಿ ಮಲಗಿಸಿದ್ದು ನಾನೇ.” ನರ್ಸಮ್ಮ ಕೈ ತೆಗೆಯಲಿಲ್ಲ.