ಸರದಿಯಲ್ಲಿ ಮೊದಲ ಮದುವೆ

ಕೊರೊನಾ ನಿಯಮ ಸಡಿಲವಾಗಿ ಊರಿನ ಸಮುದಾಯ ಭವನದ ಬೀಗ ತೆಗೆದ ದಿನವೇ, ಕಾರ್ಯದರ್ಶಿ ಬುಕಿಂಗ್ ಪುಸ್ತಕ ಹಿಡಿದು ಶಿವನಂಜನ ಮನೆಗೆ ಬಂದರು.

“ಲಾಕ್‌ಡೌನಿಗೆ ನಿಂತುಹೋದ ಮೊದಲನೇ ಮದುವೆ ನಿಮ್ದು. ಸರದಿ ಪ್ರಕಾರ ಮೊದಲು ನೀವೇ ಆಗ್ಬೇಕು.”

“ನಾವು ಆಗ್ಲೇ ಮನೆ ಮುಂದೆ ಆದ್ವಲ್ಲ ಸ್ವಾಮಿ. ಮಗೂನೂ ಆಯ್ತು.”

“ಪುಸ್ತಕದಲ್ಲಿ ಆಗಿಲ್ಲ. ನೀವು ಆಗೋವರೆಗೂ ನಿಮ್ಮ ಹಿಂದಿರೋ ಹದಿನಾಲ್ಕು ಜೋಡಿಗೆ ಭವನ ಕೊಡೋ ಹಾಗಿಲ್ಲ.”

ಶಿವನಂಜ ತಲೆ ಕೆರೆದುಕೊಂಡ. “ನಮ್ಮಿಂದ ಊರಿಗ್ಯಾಕೆ ತೊಂದ್ರೆ. ಇನ್ನೊಂದ್ಸಲ ತಾಳಿ ಕಟ್ತೀನಿ ಬಿಡಿ.”

“ಹಾಗಾದ್ರೆ ಶುಕ್ರವಾರ ಅಂತ ಬರ್ಕೊಳ್ತೀನಿ.”

ಒಳಗೆ ಮಗುವಿಗೆ ಉಣಿಸುತ್ತಿದ್ದ ಹೆಂಡತಿ ಎದ್ದು, ಕೈ ತೊಳೆದುಕೊಂಡು ಬಾಗಿಲಿಗೆ ಬಂದಳು.

“ಸ್ವಲ್ಪ ತಡೀರಿ. ಈ ಸಲ ಹುಡುಗನ್ನ ನಾನಿನ್ನೂ ಒಪ್ಪಿಲ್ಲ.”