ಹಸಿರು ನಾಯಕನ ಮುತ್ತು

ನಾಲ್ಕು ಕೈಗಳ ಹಸಿರು ನಾಯಕ ಗಗನನೌಕೆಯ ರಾಣಿಯನ್ನು ಅಪ್ಪಿ ಲೊಚಲೊಚನೆ ಮುದ್ದಿಸತೊಡಗಿದಂತೆ, ಗಡಿಯಾರ ರಿಪೇರಿಯವನು ರಿಮೋಟ್ ಒತ್ತಿ ಡಿವಿಡಿ ನಿಲ್ಲಿಸಿದ. ಶುದ್ಧ ಪೋಲಿ ಹಾಸ್ಯದ ಧಾರಾವಾಹಿ. ಆದರೆ ರಾಣಿಗೆ ದನಿ ಕೊಟ್ಟವಳು ಅವನ ಹೆಂಡತಿ. ಅವನು ಪಕ್ಕದಲ್ಲಿ ಕೂತಿದ್ದ ಅವಳತ್ತ ತಿರುಗಿದ.

"ಈ ಮುತ್ತಿನ ಸದ್ದೂ ನಿಂದೇನಾ?"

"ಹೂಂ ರೀ. ಡಬ್ಬಿಂಗ್ ಅಂದ್ಮೇಲೆ ಎಲ್ಲಾ ನಂದೇ."

"ಯಾರಿಗೆ ಕೊಟ್ಟೆ? ಸ್ಟುಡಿಯೋಗೆ ಹೋದ ದಿನವೆಲ್ಲಾ ನಾನು ಕಟ್ಟಿ ಕಳಿಸಿದ ವಾಚು ಬ್ಯಾಗಲ್ಲೇ ವಾಪಸ್ ಬರ್ತಿತ್ತು. ನಾನೇನು ಕುರುಡನಾ?"

ಅವಳಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ನಿಮ್ಮ! ಟಿಕ್‌ಟಿಕ್ ಮೈಕಿಗೆ ಕೇಳ್ಸುತ್ತೆ ಅಂತ ಬಿಚ್ಚಿಡ್ತಿದ್ದೆ. ಮುತ್ತು ಕೊಡ್ತಿದ್ದಿದ್ದು ಇದಕ್ಕೆ." ವಾಚು ಬಿಚ್ಚಿ, ಕಣ್ಣು ಮುಚ್ಚಿ, ತನ್ನದೇ ಮಣಿಕಟ್ಟಿಗೆ ತುಟಿಯೊತ್ತಿದಳು. ಅದೇ ಸದ್ದು, ಅಷ್ಟೇ ದೀರ್ಘ. "ಡಬ್ಬಿಂಗ್‌ನಲ್ಲಿ ಎಲ್ರೂ ಹೀಗೇ ಮಾಡೋದು. ಈಗ ಸಮಾಧಾನ ಆಯ್ತಾ?"

ಅವನು ಹೂಂಗುಟ್ಟಿದ. ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಆ ಸದ್ದು ಅವನ ಕೆನ್ನೆಯ ಹತ್ತಿರ ಒಮ್ಮೆಯೂ ಸುಳಿದಿರಲಿಲ್ಲ. ವಾಚನ್ನೆತ್ತಿಕೊಂಡು ಅವಳ ಮಣಿಕಟ್ಟಿಗೆ ಮತ್ತೆ ಕಟ್ಟಿದ. ಪಟ್ಟಿಯನ್ನು ಈ ಸಲ ಒಂದು ತೂತು ಹೆಚ್ಚೇ ಬಿಗಿದ.